ಸಿಂಕಿಗೆ ಕೈಯಾನಿಸಿದ ದಿನ

ನಮ್ಮೂರಿನಲ್ಲಿ ಅಂಟು ತಾನಾಗಿ ಹಿಡಿಯುವುದಿಲ್ಲ. ಗಾರೆಯಾಗಲಿ, ಸಿಮೆಂಟಾಗಲಿ, ಬಡಿಗನ ಡಬ್ಬಿಯಲ್ಲಿರುವ ಸರೇಸಾಗಲಿ, ಅಂಚೆಚೀಟಿಯ ಹಿಂದಿನ ಗೋಂದಾಗಲಿ, ಒಣಗುವ ತನಕ ಅದರ ಮೇಲೆ ಯಾರದಾದರೂ ಕೈ ಇರಬೇಕು. ಕೈ ತೆಗೆದಿರೋ, ಅಲ್ಲಿಗೆ ಮುಗಿಯಿತು, ಮತ್ತೆ ಮೊದಲಿನಿಂದ ಶುರು ಮಾಡಬೇಕು. ಕಲ್ಲು ಹೇರಿ ನೋಡಿದವರಿದ್ದಾರೆ, ಹಗ್ಗ ಬಿಗಿದು ನೋಡಿದವರಿದ್ದಾರೆ, ಒಬ್ಬ ಬುದ್ಧಿವಂತ ಹೊಸ ಗೋಡೆಗೆ ತನ್ನ ಎಮ್ಮೆಯನ್ನು ಒರಗಿಸಿ ನಿಲ್ಲಿಸಿ ಮಲಗಲು ಹೋಗಿದ್ದನಂತೆ. ಎಮ್ಮೆ ಪಾಪ ನಿಂತೇ ಇತ್ತು, ಗೋಡೆ ನಿಲ್ಲಲಿಲ್ಲ. ಇದು ಯಾಕೆ ಹೀಗೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಉಪ್ಪು ಯಾಕೆ ಉಪ್ಪಗಿದೆ ಎಂದು ಕೇಳುತ್ತಾ ಕೂತರೆ ಸಾರು ಮಾಡುವವರು ಯಾರು?

ಹೀಗಾಗಿ ತಾಳ್ಮೆ ಎನ್ನುವುದು ನಮ್ಮ ಜನಕ್ಕೆ ಹುಟ್ಟಿನಿಂದಲೇ ಬಂದುಬಿಟ್ಟಿದೆ. ಮೌಲಾಲಿಯ ಚಪ್ಪಲಿ ಅಂಗಡಿಗೆ ಹೋದರೆ ಗಿರಾಕಿಗಳು ಸಾಲಾಗಿ ಕೂತು, ತಮ್ಮ ತಮ್ಮ ಚಪ್ಪಲಿಯ ಅಟ್ಟೆ ಒತ್ತಿ ಹಿಡಿದುಕೊಂಡು, ಊರ ಮೇಲಿನ ಸುದ್ದಿಯನ್ನೆಲ್ಲ ಹರಟುತ್ತಿರುತ್ತಾರೆ. ಮನೆ ಕಟ್ಟುವಾಗಂತೂ ಬೀದಿಗೆ ಬೀದಿಯೇ ಬರಬೇಕು. ಇದಕ್ಕೆ ನಾವು ಕೈಯಾನಿಸುವುದು ಎನ್ನುತ್ತೇವೆ. ಕೈಯಾನಿಸಿದವರಿಗೆ ಕೂಲಿ ಕೊಡುವ ಹಾಗಿಲ್ಲ, ಉಣ್ಣುವ ಹೊತ್ತಾದರೆ ಊಟ ಹಾಕಬಹುದು. ಹೆಣ್ಣು ನೋಡಲು ಬಂದವರು ಮನೆಯಲ್ಲಿ ಎಷ್ಟು ಖೋಲಿ ಇವೆ ಎಂದು ಎಣಿಸುವುದಿಲ್ಲ, ಬಾಗಿಲ ಚೌಕಟ್ಟನ್ನು ತಟ್ಟಿ ಇದಕ್ಕೆ ಕೈ ಯಾರದು ಎಂದು ಕೇಳುತ್ತಾರೆ. ಯಾರಾದರೂ ತೀರಿಕೊಂಡರೆ, ಅವರು ಕೈಯಾನಿಸಿದ್ದ ಗೋಡೆಯೋ ಮೆಟ್ಟಿಲೋ ಹಾದಿಯಲ್ಲಿ ಸಿಕ್ಕಾಗ ಮನೆಯವರು ಒಮ್ಮೆ ಮುಟ್ಟಿ ಮುಂದೆ ಹೋಗುತ್ತಾರೆ. ನನ್ನ ಗಂಡ ಹೋದ ಮೇಲೆ ನಾನೂ ಹಿಟ್ಟಿನ ಗಿರಣಿಯ ಮೆಟ್ಟಿಲನ್ನು ಹಾಗೆ ಮುಟ್ಟುತ್ತೇನೆ. ಗಿರಣಿಯವನು ನೋಡಿಯೂ ನೋಡದವನ ಹಾಗೆ ಹಿಟ್ಟು ಜರಡಿ ಹಿಡಿಯುತ್ತಿರುತ್ತಾನೆ.

ನನ್ನ ಹೆಸರು ತಂಗೆಮ್ಮ. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೊಂದು ಖಾನಾವಳಿ ಇದೆ. ರೊಟ್ಟಿ, ಎರಡು ಪಲ್ಯ, ಅನ್ನ ಸಾರು, ಮಜ್ಜಿಗೆ, ಇಷ್ಟೇ. ಅಡುಗೆ ನನ್ನದು. ಪಾತ್ರೆ ಗೌರವ್ವನದು. ಗೌರವ್ವ ನನಗೆ ಬಂಧುವಲ್ಲ, ಬಳಗವಲ್ಲ. ಖಾನಾವಳಿ ಶುರು ಮಾಡಿದ ದಿನ ಬಾಗಿಲ ಮೇಲಿನ ಬೋರ್ಡಿಗೆ ಕೈಯಾನಿಸಲು ಬಂದವಳು, ಅದು ಹಿಡಿಯುವಷ್ಟರಲ್ಲಿ ಒಳಗೆ ಎಂಜಲು ಪಾತ್ರೆಗಳ ರಾಶಿ ಬಿದ್ದದ್ದನ್ನು ನೋಡಿ, ಸೆರಗು ಸಿಕ್ಕಿಸಿಕೊಂಡು ಕೂತವಳು ಮತ್ತೆ ಎದ್ದು ಹೋಗಲೇ ಇಲ್ಲ. ನನ್ನ ಗಂಡ ತೀರಿಕೊಂಡಾಗ ಊರೆಲ್ಲ ಬಂದು ಸಮಾಧಾನ ಹೇಳಿತು. ಗೌರವ್ವ ಮಾತ್ರ ಏನೂ ಹೇಳದೆ ನನ್ನ ಒಲೆ ಹೊತ್ತಿಸಿ, ಎಸರು ಇಟ್ಟು, ನನ್ನನ್ನು ಎಬ್ಬಿಸಿ ಒಲೆಯ ಮುಂದೆ ನಿಲ್ಲಿಸಿದಳು. ನಾನು ಇವತ್ತು ನಾಲ್ಕು ಜನರಿಗೆ ಅನ್ನ ಹಾಕುವವಳಾಗಿ ಉಳಿದಿದ್ದರೆ ಅದು ಅವಳಿಂದ.

ಆ ಗೌರವ್ವನ ಸೊಂಟ ಹೋಯಿತು. ಬಚ್ಚಲ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಹಂಡೆ, ಬೋಗುಣಿ ತಿಕ್ಕಿ ತಿಕ್ಕಿ ಕೊನೆಗೆ ಕೂತರೆ ಏಳಲು ಬಾರದ ಹಾಗಾಯಿತು. ನಿಂತರೆ ದಿನವೆಲ್ಲ ನಿಲ್ಲುತ್ತಾಳೆ, ಕೂತಳೋ, ಎಬ್ಬಿಸಲು ಇಬ್ಬರು ಬೇಕು. ದವಾಖಾನೆಯ ಡಾಕ್ಟರಮ್ಮ ಇನ್ನು ನೆಲಕ್ಕೆ ಕೂತು ಪಾತ್ರೆ ತಿಕ್ಕಿದರೆ ಹಾಸಿಗೆಯೇ ಗತಿ ಎಂದು ಖಡಾಖಂಡಿತವಾಗಿ ಹೇಳಿದರು. ಮನೆಗೆ ಬಂದ ಗೌರವ್ವ ತನ್ನ ಸೀರೆಗಳನ್ನು ಮಡಚಿ ಇಡಲು ಶುರು ಮಾಡಿದಳು. ದೂರದ ಊರಿನಲ್ಲಿ ಅವಳ ತಮ್ಮ ಇದ್ದಾನೆ, ಅಲ್ಲಿಗೆ ಹೋಗುತ್ತಾಳಂತೆ.

"ಇಲ್ಲೇ ಇರು, ಸುಮ್ನ ಕುಂಡ್ರು. ಒಂದು ತುತ್ತು ನಿನಗ ಹೆಚ್ಚಾಗಂಗಿಲ್ಲ ನನಗ," ಎಂದೆ.

"ಕುಂತು ಉಣ್ಣಾಕ ನಾ ಇಲ್ಲಿ ಬಂದಿಲ್ಲ ತಂಗಿ," ಎಂದಳು ಗೌರವ್ವ. "ಮತ್ತ ಕುಂತರ ಎಬ್ಬಸಾಕ ನಿನಗ ಇಬ್ಬರನ್ನ ಇಡಬೇಕಾಕ್ಕೈತಿ."

ಅವಳ ಹಟ ನನಗೆ ಗೊತ್ತು. ಅವಳನ್ನು ಉಳಿಸಿಕೊಳ್ಳಬೇಕಾದರೆ ಅವಳು ನಿಂತು ಪಾತ್ರೆ ತೊಳೆಯುವ ಹಾಗಾಗಬೇಕು. ಅಡುಗೆಮನೆಯಲ್ಲಿ ಗೋಡೆಯುದ್ದಕ್ಕೂ ಕರಿಕಲ್ಲಿನ ದಪ್ಪ ಕಟ್ಟೆ ಇತ್ತು. ಅದರಲ್ಲಿ ಒಂದು ಸಿಂಕು ಕೂರಿಸಿದರೆ ಆಯಿತು. ಆದರೆ ಮೇಲಿನಿಂದ ಇಳಿಬಿಡುವ ಸಿಂಕಾದರೆ ಅದರ ಅಂಚು ಕಲ್ಲಿನ ಮೇಲೆ ಎದ್ದು ನಿಲ್ಲುತ್ತದೆ. ತುಂಬಿದ ಹಂಡೆಯನ್ನು ಪ್ರತಿಸಲ ಎತ್ತಿ ಅಂಚು ದಾಟಿಸಬೇಕು. ಅವಳ ಸೊಂಟಕ್ಕೆ ಅದೂ ಆಗದು. ಕಲ್ಲಿನ ಕೆಳಗಿನಿಂದ ಕೂರಿಸುವ ಸಿಂಕಾದರೆ ಅಂಚಿನ ತಂಟೆಯೇ ಇಲ್ಲ. ಹಂಡೆಯನ್ನು ಕಲ್ಲಿನ ಮೇಲೆ ಜಾರಿಸುತ್ತಾ ತಂದು ಹಾಗೇ ಒಳಗೆ ಇಳಿಸಬಹುದು, ಕಟ್ಟೆಯ ಮೇಲಿನ ನೀರು ಮುಸುರೆಯನ್ನೆಲ್ಲ ಒಂದೇ ಸಲಕ್ಕೆ ಬಾಚಿ ಒಳಗೆ ನೂಕಬಹುದು. ಒಂದು ಚೆಂದದ ಸ್ಟೀಲಿನ ಸಿಂಕು ತರಿಸಿದೆ. ಅದರ ಜೊತೆಗೆ ಕೂರಿಸುವವನೂ ಬಂದ, ಪ್ರಭಾಕರ ಎಂದು, ಜಿಲ್ಲಾ ಊರಿನವನು.

ಪ್ರಭಾಕರ ಒಳ್ಳೆಯ ಮನುಷ್ಯ, ಅಚ್ಚುಕಟ್ಟಿನ ಕೆಲಸಗಾರ. ಕಲ್ಲಿನ ಅಡಿಭಾಗವನ್ನು ಸ್ಪಿರಿಟ್ಟಿನಿಂದ ಒರೆಸಿ ಎಣ್ಣೆಜಿಡ್ಡು ತೆಗೆದ, ಸಿಂಕಿನ ಅಂಚಿನ ಸುತ್ತಲೂ ಸಿಲಿಕೋನಿನ ಒಂದೆಳೆ ಎಲ್ಲೂ ಕಡಿಯದ ಹಾಗೆ ಹಿಂಡಿದ, ಕೆಳಗಿನಿಂದ ಎತ್ತಿ ಕಲ್ಲಿಗೆ ಒತ್ತಿ ಕ್ಲಿಪ್ಪು ಬಿಗಿದ. ಆಮೇಲೆ ನಾನು ಕೆಳಗೆ ಕೂತು ಕೈ ಚಾಚಿದ್ದನ್ನು ನೋಡಿ ಗಾಬರಿಯಾದ.

"ಮುಟ್ಟಬೇಡಿ ಮೇಡಂ. ನಾಳೆ ಈ ಹೊತ್ತಿನವರೆಗೆ ಯಾರೂ ಇದರ ಹತ್ತಿರ ಬರಬಾರದು."

"ನಮ್ಮೂರಾಗ ಕೈಯಿಲ್ಲದ ಹಿಡಿಯಂಗಿಲ್ಲರಿ," ಎಂದೆ.

"ಇದು ಸಿಲಿಕೋನ್ ಮೇಡಂ. ಇದಕ್ಕೆ ಯಾವ ಊರಾದರೂ ಒಂದೇ," ಎಂದ, ನನ್ನನ್ನು ನೋಯಿಸಬಾರದೆಂಬ ದನಿಯಲ್ಲಿ.

ಅವನ ಡಬ್ಬಿಯ ಮೇಲೂ ಹಾಗೆಯೇ ಬರೆದಿತ್ತು. ಹೊರಗಿನ ಸಾಮಾನು, ಹೊರಗಿನ ಅಂಟು, ಅದಕ್ಕೆ ನಮ್ಮೂರಿನ ಕಟ್ಟಲೆ ಯಾಕೆ ತಟ್ಟೀತು ಎಂದು ನಾನೂ ಅಂದುಕೊಂಡೆ. ಬೇರೆ ಯಾವ ಊರಲ್ಲಿಯೂ ಇಂಥ ತಪ್ಪು ಯಾರೂ ಮಾಡಲಾರರು: ಮುಟ್ಟಬೇಡಿ ಎಂದರು, ನಾವು ಮುಟ್ಟಲಿಲ್ಲ. ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಹೊರಗಿನ ಒಲೆಯ ಮೇಲೆ ಬೇಯಿಸಿದೆವು. ಮರುದಿನ ಪ್ರಭಾಕರ ಬಂದು ಅಲುಗಾಡಿಸಿ ನೋಡಿ, ಪೈಪು ಜೋಡಿಸಿ, ನಕ್ಕು ಹೋದ. ಕ್ಲಿಪ್ಪಿನ ಬುಡದಲ್ಲಿದ್ದದ್ದೂ ಅಂಟೇ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಮಧ್ಯಾಹ್ನದ ಗದ್ದಲದಲ್ಲಿ ಗೌರವ್ವ ನೀರು ಹೋಗುವ ಕಿಂಡಿ ಮುಚ್ಚಿ, ಸಾರಿನ ಬೋಗುಣಿಯನ್ನು ಜಾರಿಸಿ ಒಳಗಿಳಿಸಿ, ನಳ ತಿರುಗಿಸಿದಳು. ಸಿಂಕು ತುಂಬುತ್ತಾ ಬಂತು. ತುಂಬಿದ ಮೇಲೆ ಬೋಗುಣಿ, ನೀರು, ಸಿಂಕು ಎಲ್ಲ ಒಟ್ಟಿಗೆ ನೆಲಕ್ಕೆ ಹೋದವು.

ಗೌರವ್ವನ ಕಾಲಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಹಿಂದಕ್ಕೆ ಜಿಗಿದ ರಭಸಕ್ಕೆ ಸೊಂಟ ಹಿಡಿದುಕೊಂಡು ಗೋಡೆಗೆ ಒರಗಿ ನಿಂತಳು. ಕಟ್ಟೆಯಲ್ಲಿ ಬಾಯಿ ತೆರೆದುಕೊಂಡಿದ್ದ ಆ ತೂತನ್ನು ನೋಡಿ, "ಆತು ಬಿಡು ತಂಗಿ. ಕಲ್ಲಿಗೂ ನಾ ಬ್ಯಾಡಾದೆ," ಎಂದಳು. ನಾಡಿದ್ದು ಸಂಜೆಯ ಬಸ್ಸಿಗೆ ಹೊರಡುವುದೆಂದು ಅವತ್ತೇ ಹೇಳಿಬಿಟ್ಟಳು. ತಮ್ಮನ ಊರಿನಲ್ಲಿ ಅಂಟು ತಾನಾಗಿಯೇ ಹಿಡಿಯುತ್ತದಂತೆ, ಅಲ್ಲಿ ಯಾರಿಗೂ ಯಾರ ಕೈಯೂ ಬೇಡವಂತೆ. ಅದನ್ನು ಒಂದು ಸುಖದ ಸಂಗತಿ ಎಂಬ ಹಾಗೆ ಹೇಳಿದಳು.

ನಾನು ಕಲ್ಲು ಕೆತ್ತುವ ಫಕೀರೇಶನ ಮನೆಗೆ ಓಡಿದೆ. ಕಟ್ಟೆಯಲ್ಲಿ ತೂತು ಕೊರೆದು ಅಂಚಿಗೆ ಪಾಲೀಶು ಹಾಕಿದವನು ಅವನೇ. ಬಂದು ಕೆಳಗೆ ತೂರಿ ನೋಡಿದ. ಸಿಂಕಿಗೆ ಒಂದು ಮೂಲೆಯಲ್ಲಿ ತಗ್ಗು ಬಿದ್ದದ್ದು ಬಿಟ್ಟರೆ ಬೇರೇನೂ ಆಗಿರಲಿಲ್ಲ.

"ಅಂಟು ಛಲೋದೈತಿ ಅಕ್ಕಾರ, ಕೈ ಇಲ್ಲ ಅಷ್ಟ," ಎಂದ ಫಕೀರೇಶ. "ಕೈ ಇದ್ರ ಒಂದು ಹಗಲು ಸಾಕು. ಹೊತ್ತು ಹುಟ್ಟಿದಾಗ ಹಚ್ಚಿದ್ರ ದೀಪ ಹಚ್ಚೂದ್ರಾಗ ಹಿಡಿತೈತಿ. ಆದರ ಕೈ ಎಲ್ಲಿಂದ ತರ್ತೀರಿ?"

ಅವನು ಕೇಳಿದ್ದು ಸರಿಯಾಗಿತ್ತು. ಅದೇ ವಾರ ಊರಿನ ನೀರಿನ ಟ್ಯಾಂಕು ಸೀಳು ಬಿಟ್ಟಿತ್ತು. ಬೇಸಿಗೆ ಮುಂದಿದೆ, ಟ್ಯಾಂಕು ಹೋದರೆ ಊರೇ ಒಣಗುತ್ತದೆ. ಒಳಗೂ ಹೊರಗೂ ಸಿಮೆಂಟಿನ ಗಿಲಾಯಿ ಮಾಡಿ, ಸುತ್ತಲೂ ಜನ ನಿಂತು ಕೈಯಾನಿಸಬೇಕು. ರಿಟೈರಾದ ಅಡಿವೆಪ್ಪ ಮಾಸ್ತರರು ಪಾಳಿ ಹಚ್ಚಿದ್ದರು. ಎರಡು ಕೈ ನೆಟ್ಟಗಿರುವ ಯಾರನ್ನೂ ಬಿಟ್ಟಿರಲಿಲ್ಲ. ಸೊಂಟ ಹೋದ ಗೌರವ್ವನನ್ನು ಬಿಟ್ಟರೆ ಪಾಳಿಯಿಂದ ನನಗೊಬ್ಬಳಿಗೆ ವಿನಾಯಿತಿ ಸಿಕ್ಕಿತ್ತು, ಯಾಕೆಂದರೆ ಟ್ಯಾಂಕಿನ ಹತ್ತಿರ ನಿಂತವರಿಗೆಲ್ಲ ಊಟ ನನ್ನ ಖಾನಾವಳಿಯದು.

ಅಂದರೆ ನಾನು ಸಿಂಕಿಗೆ ಕೈಯಾನಿಸಿ ಕೂತರೆ ಊರಿಗೆ ಊಟವಿಲ್ಲ. ಊಟಕ್ಕೆ ನಿಂತರೆ ಗೌರವ್ವ ಇಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ ಎಂದು ಬೇರೆ ಹೇಳಬೇಕೆ?

ಕೊನೆಗೆ ಹೊರಡುವ ದಿನದ ಬೆಳಿಗ್ಗೆ ಗೌರವ್ವನನ್ನೇ ಕೇಳಿದೆ. "ಇವತ್ತೊಂದಿನ ಅಡಿಗಿ ನೀ ಮಾಡು. ಸಂಜಿಗೆ ಸಿಂಕು ಹಿಡೀಲಿಲ್ಲ ಅಂದ್ರ ನಾನ ನಿನ್ನ ಗಂಟು ಹೊತ್ತು ಬಸ್ಸಿಗೆ ಹತ್ತಸ್ತೀನಿ."

"ನನ್ನ ಸಲುವಾಗಿ ಯಾರೂ ಕೈಯಾನಸೂದು ಬ್ಯಾಡ," ಎಂದಳು. ನಾನು ಆಗಲೇ ಕಟ್ಟೆಯ ಕೆಳಗೆ ಕೂತಿದ್ದೆ. ಹೊರಡುವ ದಿನ ಜಗಳ ಯಾಕೆಂದು ಅವಳು ಮುಖ ಗಂಟಿಕ್ಕಿಕೊಂಡೇ ಹಿಟ್ಟಿನ ಡಬ್ಬಿಗೆ ಕೈ ಹಾಕಿದಳು. ನನ್ನ ಅಡುಗೆಮನೆಯಲ್ಲಿ ಅಷ್ಟು ಕಾಲ ಇದ್ದೂ ಅವಳು ಒಂದು ದಿನವೂ ಒಗ್ಗರಣೆ ಹಾಕಿದವಳಲ್ಲ.

ಫಕೀರೇಶ ತನ್ನ ಪಾಳಿಗೆ ಮುಂಚೆ ಬಂದಿದ್ದ. ಹಳೆಯ ಅಂಟನ್ನು ಕೆರೆದು ತೆಗೆದು, ಕಲ್ಲನ್ನೂ ಸ್ಟೀಲನ್ನೂ ಮತ್ತೆ ಒರೆಸಿ, ಅಂಟು ಹಚ್ಚುವ ಮುಂಚೆ ಒಮ್ಮೆ ಬರೀ ಸಿಂಕನ್ನು ಎತ್ತಿ ಹಿಡಿದು ನಾಲ್ಕೂ ಕಡೆ ಅಂಚು ಸಮ ಬರುತ್ತದೆಯೇ ನೋಡಿ, ಸೀಸದ ಕಡ್ಡಿಯಿಂದ ಗುರುತು ಹಾಕಿದ. ಆಮೇಲೆ ಅಂಚಿಗೆ ಅಂಟು ಹಚ್ಚಿ, ಕಟ್ಟೆಯ ತೂತಿನ ಮೇಲೆ ಅಡ್ಡಲಾಗಿ ಒಂದು ತುಂಡು ಮರದ ರೀಪು ಇಟ್ಟು, ಸಿಂಕಿನ ತಳದ ನೀರು ಹೋಗುವ ಕಿಂಡಿಯಿಂದ ಹಗ್ಗ ತೂರಿಸಿ ಅದಕ್ಕೆ ಬಿಗಿದ. ಭಾರವನ್ನು ಆ ಹಗ್ಗ ಹೊರುತ್ತದೆ. ಕ್ಲಿಪ್ಪುಗಳಿಗೆ ಕಲ್ಲಿನಲ್ಲಿ ಹೊಸದಾಗಿ ಗುಳಿ ತೋಡಿ ತಿರುಪು ಹಿಡಿಯುವ ಹಿತ್ತಾಳೆಯ ಬಿರಡೆಗಳನ್ನು ಅಂಟಿಸಿದ, ಅಂಚಿನ ಮೇಲಿನ ಕೈಯೇ ಅವಕ್ಕೂ ಆಗುತ್ತದೆ. ಇನ್ನು ಉಳಿದದ್ದು ಕೈ ಮಾತ್ರ.

"ಒತ್ತಬ್ಯಾಡ್ರಿ ಅಕ್ಕಾರ, ಮುಟ್ಟಿದ್ರ ಸಾಕು. ಬಿಡಬ್ಯಾಡ್ರಿ ಮಾತ್ರ," ಎಂದು ಹೇಳಿ ಫಕೀರೇಶ ಟ್ಯಾಂಕಿಗೆ ಹೋದ.

ಬರೀ ಮುಟ್ಟುವುದು ಎಂದರೆ ಸುಲಭ ಎಂದುಕೊಳ್ಳುತ್ತೀರಿ. ನೆಲಕ್ಕೆ ಕೂತು ಕೈಯನ್ನು ತಲೆಗಿಂತ ಮೇಲೆ ಎತ್ತಿ, ಕಲ್ಲೂ ಸ್ಟೀಲೂ ಕೂಡುವ ಅಂಚಿಗೆ ಬೆರಳು ಹಚ್ಚಿಕೊಂಡು ಇರಿ ನೋಡೋಣ. ಮೊದಲು ಭುಜ ಬೇಡ ಎನ್ನುತ್ತದೆ, ಆಮೇಲೆ ಕುತ್ತಿಗೆ, ಆಮೇಲೆ ಮೂಗು ತುರಿಸತೊಡಗುತ್ತದೆ. ಎಡಗೈ ಸೋತಾಗ ಬಲಗೈ, ಬಲಗೈ ಸೋತಾಗ ಎಡಗೈ ಎಂದು ಬದಲಿಸುತ್ತಾ ಕೂತೆ. ಆ ಕಡೆ ಗೌರವ್ವ ಒಗ್ಗರಣೆಗೆ ಮೆಣಸಿನಕಾಯಿಯನ್ನು ಮುರಿದು ಹಾಕುವ ಬದಲು ಹಿಡಿಗಟ್ಟಲೆ ಹಾಕುತ್ತಿದ್ದದ್ದು ಕಾಣುತ್ತಿತ್ತು. ಎದ್ದು ಹೋಗಿ ತಡೆಯುವ ಹಾಗಿರಲಿಲ್ಲ. ಜೀವಮಾನದಲ್ಲಿ ಇನ್ನೊಬ್ಬರು ನನ್ನ ಒಲೆಯ ಮುಂದೆ ನಿಂತದ್ದನ್ನು ನೋಡುತ್ತಾ ಬಾಯಿ ಮುಚ್ಚಿಕೊಂಡು ಕೂತದ್ದು ಅದೊಂದೇ ದಿನ.

ಹೊತ್ತು ಏರುವಷ್ಟರಲ್ಲಿ ನನ್ನ ಎರಡೂ ಕೈ ಸೋತುಹೋಗಿದ್ದವು. ಅಷ್ಟರಲ್ಲಿ ಟ್ಯಾಂಕಿನ ಮೊದಲ ಪಾಳಿಯವರು ಊಟಕ್ಕೆ ಬಂದರು. ಎಲ್ಲರಿಗಿಂತ ಮುಂದೆ ಚಪ್ಪಲಿ ಅಂಗಡಿಯ ಮೌಲಾಲಿ. ಎಲೆ ತೆಗೆದುಕೊಂಡು ಹೊರಗೆ ಹೋಗಬೇಕಾದವನು ಬಗ್ಗಿ ನನ್ನನ್ನು ನೋಡಿದ. ಅಡುಗೆಮನೆಯ ಒಳಗೆ ಬಂದು, ಕಟ್ಟೆಯ ಬುಡದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಎಲೆಯನ್ನು ಮುಂದಿಟ್ಟುಕೊಂಡು ಎಡಗೈಯನ್ನು ಮೇಲೆ ಚಾಚಿ ನನ್ನ ಕೈಯ ಪಕ್ಕದಲ್ಲಿ ಆನಿಸಿದ.

"ಕೈ ತಗೀರಿ ಅಕ್ಕಾರ. ಉಣ್ಣಾಕ ಎಡಗೈ ಏನು ಬೇಕಾಗೂದಿಲ್ಲ ನನಗ."

ನಾನು ಕೈ ಇಳಿಸಿದೆ. ರಕ್ತ ಬೆರಳಿಗೆ ವಾಪಸು ಹರಿದು ಬರುವಾಗ ಕಣ್ಣಲ್ಲಿ ನೀರು ಬಂತು. ಮೌಲಾಲಿ ಬಲಗೈಯಿಂದ ರೊಟ್ಟಿ ಮುರಿದು, ಪಲ್ಯ ಹಚ್ಚಿ ಬಾಯಿಗಿಟ್ಟ. ಒಂದು ಗಳಿಗೆ ಅಲ್ಲಾಡದೆ ಕೂತ. "ಅಡಿಗಿ ಯಾರದು?" ಎಂದ.

"ನಂದು," ಎಂದಳು ಗೌರವ್ವ, ಸೌಟು ಹಿಡಿದುಕೊಂಡು.

"ನೀರು ಕೊಡ್ರಿ," ಎಂದ ಮೌಲಾಲಿ. ನೀರು ಕುಡಿದು, ಮತ್ತೊಂದು ರೊಟ್ಟಿ ಹಾಕಿಸಿಕೊಂಡ.

ಅವನನ್ನು ನೋಡಿ ಹಿಂದೆ ಬಂದವರೂ ಒಬ್ಬೊಬ್ಬರಾಗಿ ಒಳಗೆ ಬಂದರು. ಗಿರಣಿಯವನು ಬಂದ, ಅಂಚೆ ಹಂಚುವ ಶಾವಂತ್ರವ್ವ ಬಂದಳು, ನನ್ನ ಜೊತೆ ಮಾತು ಬಿಟ್ಟಿದ್ದ ಎದುರು ಮನೆಯ ಚನವೀರಮ್ಮನೂ ಬಂದಳು. ಕಟ್ಟೆಯ ಕೆಳಗೆ ಎಷ್ಟು ಜನ ಹಿಡಿಸುತ್ತಾರೋ ಅಷ್ಟು ಜನ ಕೂತು, ಎಡಗೈಗಳನ್ನೆಲ್ಲ ಮೇಲಕ್ಕೆತ್ತಿ ಸಿಂಕಿನ ಸುತ್ತ ಆನಿಸಿ, ಬಲಗೈಯಲ್ಲಿ ಉಣ್ಣತೊಡಗಿದರು. ಖಾರಕ್ಕೆ ಒಬ್ಬೊಬ್ಬರ ಮೂಗಿನಲ್ಲೂ ನೀರು. ಒರೆಸಿಕೊಳ್ಳಲು ಯಾರಿಗೂ ಕೈ ಖಾಲಿ ಇರಲಿಲ್ಲ; ಪಕ್ಕದವರ ಸೆರಗು, ಪಕ್ಕದವರ ಟವೆಲು ಎಂದು ಒಬ್ಬರದನ್ನು ಒಬ್ಬರು ಬಳಸಿಕೊಂಡರು. ಒಬ್ಬರ ಊಟ ಮುಗಿದು ಎದ್ದರೆ ಆ ಜಾಗಕ್ಕೆ ಇನ್ನೊಬ್ಬರು ಜಾರಿ ಕೂರುತ್ತಿದ್ದರು. ನಾನು ಎದ್ದು ರೊಟ್ಟಿ ಬಡಿದೆ, ಬಡಿಸಿದೆ, ಮಜ್ಜಿಗೆ ಸುರಿದೆ. ನನ್ನ ಖಾನಾವಳಿಯಲ್ಲಿ ಅಂಥ ಪಂಕ್ತಿ ಹಿಂದೆ ಕೂತದ್ದಿಲ್ಲ.

ಅಷ್ಟರಲ್ಲಿ ಅಡಿವೆಪ್ಪ ಮಾಸ್ತರರು ಬಂದರು. ಟ್ಯಾಂಕು ಮುಗಿಯುವ ತನಕ ಊರಿನ ಒಂದು ಕೈಯೂ ಬೇರೆ ಕೆಲಸಕ್ಕೆ ಹೋಗಬಾರದೆಂದು ಸಾರಿದವರು ಅವರೇ. ಕೊರಳಲ್ಲಿ ಪೀಪಿ ಹಾಕಿಕೊಂಡು ಬಾಗಿಲಲ್ಲಿ ನಿಂತು, ಮೇಲೆದ್ದ ಎಡಗೈಗಳ ಸಾಲನ್ನು ನೋಡಿದರು. ಯಾರೂ ಕೈ ಇಳಿಸಲಿಲ್ಲ.

"ಉಣ್ಣೋ ಹೊತ್ತು ಪಾಳಿಯೊಳಗ ಬರೂದಿಲ್ಲ," ಎಂದರು ಮಾಸ್ತರರು ಕೊನೆಗೆ, ತಮಗೆ ತಾವೇ ಹೇಳಿಕೊಂಡ ಹಾಗೆ. "ಸರೀರಿ ಸ್ವಲ್ಪ." ಧೋತರ ಮೇಲೆತ್ತಿಕೊಂಡು ಶಾವಂತ್ರವ್ವನ ಪಕ್ಕ ಕೂತರು.

ಗೌರವ್ವ ಇದನ್ನೆಲ್ಲ ಒಲೆಯ ಹತ್ತಿರದಿಂದ ನೋಡುತ್ತಿದ್ದಳು. ಬಡಿಸಲು ನನ್ನ ಜೊತೆ ಬರಲಿಲ್ಲ. ಅವಳ ಸಲುವಾಗಿ ಇಷ್ಟು ಕೈಗಳು ಎದ್ದದ್ದು ಅವಳಿಗೆ ಸಂತೋಷವಾಗಿರಲಿಲ್ಲ, ನಾಚಿಕೆಯಾಗಿತ್ತು. ಅದು ನನಗೆ ತಿಳಿಯುತ್ತಿತ್ತು. ಜೀವನವಿಡೀ ಕೈ ಕೊಟ್ಟು ಗೊತ್ತಿದ್ದವಳಿಗೆ ತೆಗೆದುಕೊಂಡು ಗೊತ್ತಿರಲಿಲ್ಲ. ಊಟದ ಹೊತ್ತು ಮುಗಿದು ಮಂದಿ ಖಾಲಿಯಾಗುತ್ತಿದ್ದಂತೆ ಅವಳು ಒಳಗೆ ಹೋಗಿ ತನ್ನ ಗಂಟು ತಂದು ಬಾಗಿಲ ಹತ್ತಿರ ಇಟ್ಟಳು.

ಸಂಜೆಯ ಮುಂಚೆ ಟ್ಯಾಂಕಿನ ಕೊನೆಯ ಗಿಲಾಯಿ ಇತ್ತು. ಅದಕ್ಕೆ ಊರಿನ ಎಲ್ಲ ಕೈ ಒಟ್ಟಿಗೆ ಬೇಕು. ಮಾಸ್ತರರ ಪೀಪಿ ಕೇಳಿದ ಕೂಡಲೇ ಕಟ್ಟೆಯ ಕೆಳಗಿದ್ದವರು ನನ್ನ ಮುಖ ನೋಡುತ್ತಾ, ತಪ್ಪು ಮಾಡಿದವರ ಹಾಗೆ ಎದ್ದರು. ಚನವೀರಮ್ಮ ಕಡೆಯವಳು. ನಾನು ಕೂತು ಕೈ ಹಚ್ಚಿದ ಮೇಲೆಯೇ ತನ್ನ ಕೈ ತೆಗೆದಳು. "ನೀ ಮೊದಲ ಕರೀಬೇಕಿತ್ತು ನನ್ನ," ಎಂದು ಗೊಣಗಿ ಹೋದಳು. ನಮ್ಮ ಮಾತು ಬಿಟ್ಟದ್ದು ಅಲ್ಲಿಗೆ ಮುಗಿಯಿತು.

ಆಮೇಲೆ ನಾನೊಬ್ಬಳೇ. ಮಧ್ಯಾಹ್ನವೆಲ್ಲ ರೊಟ್ಟಿ ಬಡಿದ ಕೈ, ಸೋತ ಭುಜ. ಎಡಗೈ ಬಲಗೈ ಬದಲಿಸುವುದಕ್ಕೂ ಶಕ್ತಿ ಇಲ್ಲದೆ ಒಂದಕ್ಕೊಂದು ಆಸರೆ ಕೊಟ್ಟುಕೊಂಡು ಕೂತೆ. ಹೊತ್ತು ಇಳಿಯುತ್ತಾ ಬಂದ ಹಾಗೆ ಬೆರಳುಗಳಿಗೆ ಏನೂ ಗೊತ್ತಾಗದಾಯಿತು. ಅವು ಸ್ಟೀಲನ್ನು ಮುಟ್ಟಿಕೊಂಡಿವೆಯೋ, ಗಾಳಿಯನ್ನೋ, ಕತ್ತೆತ್ತಿ ನೋಡಿಯೇ ತಿಳಿಯಬೇಕು. ಒಮ್ಮೆ ನೋಡಿದಾಗ ಕೈ ಒಂದು ಬೆರಳಗಲ ಕೆಳಗೆ ಜಾರಿ, ಒಂದೇ ಬೆರಳ ತುದಿ ಅಂಚಿಗೆ ತಾಗಿಕೊಂಡಿತ್ತು. ಯಾವಾಗ ಜಾರಿತೋ ಏನೋ. ತಿರುಗಿ ಹಚ್ಚಿದೆ, ಮತ್ತೆ ಜಾರಿತು.

ಬಸ್‌ಸ್ಟ್ಯಾಂಡಿನಲ್ಲಿ ಸಂಜೆಯ ಬಸ್ಸು ಹಾರ್ನು ಹೊಡೆಯಿತು. ಗೌರವ್ವ ಬಾಗಿಲಲ್ಲಿ ಗಂಟು ಎತ್ತಿಕೊಂಡು ನಿಂತಿದ್ದಳು. ನಾನು ಅವಳನ್ನು ಇರು ಎನ್ನಲಿಲ್ಲ. ಅಷ್ಟು ಸಲ ಅಂದಾಗಿತ್ತು.

"ಹೋಗವಾ. ಹೊತ್ತಾಕ್ಕೈತಿ," ಎಂದೆ. "ಗಂಟು ಹೊರ್ತೀನಿ ಅಂದಿದ್ದೆ, ಏಳಾಕ ಆಗವಲ್ದು. ತಪ್ಪು ತಿಳೀಬ್ಯಾಡ."

ಅವಳು ನನ್ನ ಮುಖ ನೋಡಲಿಲ್ಲ. ನನ್ನ ಕೈ ನೋಡುತ್ತಿದ್ದಳು, ಅದು ಮೂರನೆಯ ಸಲ ಜಾರುತ್ತಿದ್ದದ್ದನ್ನು. ಗಂಟು ಕೆಳಗೆ ಬಿಟ್ಟಳು. ಸೊಂಟದ ಮೇಲೆ ಒಂದು ಕೈ ಇಟ್ಟುಕೊಂಡು, ಕಟ್ಟೆ ಹಿಡಿದು, ಹಲ್ಲು ಕಚ್ಚಿಕೊಂಡು ಮೆಲ್ಲಮೆಲ್ಲಗೆ ನೆಲಕ್ಕೆ ಕೂತಳು. ಅರ್ಧಕ್ಕೆ ಬಂದಾಗ ಅವಳ ಬಾಯಿಂದ ಹೊರಟ ನರಳು ಇನ್ನೂ ನನ್ನ ಕಿವಿಯಲ್ಲಿದೆ. ಬೇಡ ಗೌರವ್ವ ಎಂದೆ, ಡಾಕ್ಟರಮ್ಮನ ಮಾತು ನೆನಪಿಸಿದೆ. ಕೇಳುವವಳೇ ಅವಳು? ನನ್ನ ಪಕ್ಕ ಸರಿದು, ಹಂಡೆ ತಿಕ್ಕಿ ತಿಕ್ಕಿ ಚರ್ಮ ಸುಲಿದ ಆ ಎರಡೂ ಅಂಗೈಗಳನ್ನು ಮೇಲೆತ್ತಿ ಸಿಂಕಿನ ಅಂಚಿಗೆ ಆನಿಸಿದಳು. ಬೂದಿ, ಹುಣಸೆಹುಳಿಯಲ್ಲಿ ಪಳಗಿದ ಕೈ ಅವು, ಜಾರಲಿಲ್ಲ.

"ಕೈ ತಗಿ," ಎಂದಳು.

ತೆಗೆದೆ. ಬಸ್ಸು ಮತ್ತೊಮ್ಮೆ ಹಾರ್ನು ಹೊಡೆದು, ಗೇರು ಬದಲಿಸುತ್ತಾ ಓಣಿಯ ತುದಿಯಲ್ಲಿ ಹಾದುಹೋಯಿತು.

"ಬಸ್ ಹೋತು," ಎಂದೆ.

"ಎದ್ದರಲ್ಲ ಬಸ್ ಹತ್ತೂದು," ಎಂದಳು ಗೌರವ್ವ, ಕೈ ಮೇಲೆತ್ತಿಕೊಂಡೇ. "ಕುಂತಾತು ಇನ್ನ. ಎಬ್ಬಸಾಕ ಇಬ್ಬರು ಬರಬೇಕು."

ನಾನು ಅತ್ತೆ. ಗಂಡ ಹೋದಾಗ ಅಷ್ಟು ಅತ್ತಿರಲಿಲ್ಲವೇನೋ. ಅವಳು ಸಮಾಧಾನ ಹೇಳಲಿಲ್ಲ. ಅದು ಅವಳಿಗೆ ಬರುವುದೇ ಇಲ್ಲ. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ತಿಕ್ಕಿಕೋ ಎಂದಳು, ಇಲ್ಲದಿದ್ದರೆ ನಾಳೆ ಮೇಲೇಳುವುದಿಲ್ಲ ಎಂದಳು. ಹಾಗೆಯೇ ಮಾಡಿದೆ.

ದೀಪ ಹಚ್ಚುವ ಹೊತ್ತಿಗೆ ಟ್ಯಾಂಕಿನ ಕಡೆಯಿಂದ ಜನ ಬಂದರು, ಬಟ್ಟೆಯೆಲ್ಲ ಸಿಮೆಂಟು ಮಾಡಿಕೊಂಡು. ಟ್ಯಾಂಕು ಹಿಡಿದಿತ್ತು. ಮೌಲಾಲಿಯೂ ಚನವೀರಮ್ಮನೂ ಎರಡು ಕಡೆ ತೋಳು ಹಾಕಿ ಗೌರವ್ವನನ್ನು ಎಬ್ಬಿಸಿ ನಿಲ್ಲಿಸಿದರು. ನೆಟ್ಟಗಾಗಲು ಬಹಳ ಹೊತ್ತು ಹಿಡಿಯಿತು, ಆದರೆ ನಿಂತಳು. ಫಕೀರೇಶ ಕೆಳಗೆ ತೂರಿ ಅಂಚಿನ ಸುತ್ತ ಉಗುರಿನಿಂದ ಗೀರಿ ನೋಡಿದ. ಕ್ಲಿಪ್ಪು ಬಿಗಿದ, ಪೈಪು ಹಾಕಿದ, ಮೇಲಿನ ಹಗ್ಗ ಬಿಚ್ಚಿ ರೀಪು ತೆಗೆದ. ಕಿಂಡಿಗೆ ಬಿರಡೆ ಹಾಕಿ ನಳ ಬಿಟ್ಟ.

ನೀರು ಏರುತ್ತಾ ಬಂತು. ಅರ್ಧವಾಯಿತು, ಮುಕ್ಕಾಲಾಯಿತು. ನೋಡುತ್ತಿದ್ದವರಲ್ಲಿ ಅರ್ಧ ಜನ ತಮಗೆ ಅರಿವಿಲ್ಲದೆಯೇ ಎಡಗೈಯನ್ನು ಸ್ವಲ್ಪ ಮುಂದೆ ಚಾಚಿದ್ದರು. ಕಲ್ಲಿನ ಅಂಚಿನ ತನಕ ಬಂದು ನೀರು ನಿಂತಿತು. ಫಕೀರೇಶ ಕೆಳಗಿನಿಂದ ಅಂಗೈ ಸವರಿ, ನೀರು ತಾಗದ ಕೈಯನ್ನು ಎಲ್ಲರಿಗೂ ತೋರಿಸಿದ. ನಾನು ಏನೋ ಹೇಳಬೇಕೆಂದು ಬಾಯಿ ತೆರೆದೆ. ಹೊರಟದ್ದು ಮಾತಲ್ಲ, ಹೆಸರುಗಳು. ಬೆಳಗಿನಿಂದ ಕೈಯಾನಿಸಿದವರ ಹೆಸರನ್ನೆಲ್ಲ ಒಬ್ಬೊಬ್ಬರದಾಗಿ ಹೇಳುತ್ತಾ ಹೋದೆ. ಅವರು ನೆಲ ನೋಡುತ್ತಾ ನಿಂತು ಕೇಳಿದರು. ಅವರ ಋಣ ನನ್ನ ಮೇಲಿದೆ, ಅದನ್ನು ತೀರಿಸುವ ಆಸೆ ನನಗಿಲ್ಲ. ಹೊತ್ತುಕೊಂಡಿರುವುದೇ ಹಿತವಾಗಿದೆ.

ಗೌರವ್ವ ಇದ್ಯಾವುದಕ್ಕೂ ಕಾಯಲಿಲ್ಲ. ಬಿರಡೆ ಕಿತ್ತು ನೀರು ಬಿಟ್ಟು, ಕಟ್ಟೆಯ ತುದಿಯಲ್ಲಿದ್ದ ಸಾರಿನ ಹಂಡೆಯನ್ನು ಎರಡೂ ಕೈಯಿಂದ ನೂಕಿದಳು. ಅದು ಕಲ್ಲಿನ ಮೇಲೆ ಜಾರುತ್ತಾ ಬಂದು, ಎಲ್ಲೂ ತಡೆಯದೆ, ಸಿಂಕಿನ ಒಳಗೆ ಇಳಿಯಿತು. ಅವಳು ನಿಂತುಕೊಂಡೇ ತಿಕ್ಕತೊಡಗಿದಳು. ಜನ ಒಬ್ಬೊಬ್ಬರಾಗಿ ಮನೆಗೆ ಹೋದರು. ನಾನು ಹಿಂದೆ ನಿಂತು ಅವಳ ಬೆನ್ನನ್ನೇ ನೋಡುತ್ತಿದ್ದೆ. ಬಾಗಿಲಲ್ಲಿ ಬಿದ್ದ ಗಂಟಿನ ಬಗ್ಗೆ ಕೇಳಬೇಕೋ ಬೇಡವೋ, ನಾಳೆಯೂ ಸಂಜೆಗೆ ಬಸ್ಸು ಇದ್ದೇ ಇದೆಯಲ್ಲ ಎಂದು ಒಳಗೇ ಅಳುಕುತ್ತಿದ್ದೆ.

ಗೌರವ್ವ ಹಂಡೆಯಿಂದ ತಲೆ ಎತ್ತದೆ, "ನಾಳಿಗೆ ಬ್ಯಾಳಿ ನೆನಿ ಹಾಕೀಯೇನು?" ಎಂದಳು.

ಹಾಕಿರಲಿಲ್ಲ. ಹೋಗಿ ಹಾಕಿದೆ.